ಅದೇ ನೀರಲ್ಲಿ ತೊಳೆದವನು

ಹಾಕ್‌ಸ್ಟನ್ ಎಂಬ ಊರಿನ ಕಾಲುವೆ ಕಟ್ಟೆಗೆ ದೋಣಿ ಕಟ್ಟಿಕೊಂಡು ಅದರಲ್ಲೇ ಬಾಳುವ ನಮ್ಮಂಥವರಿಗೆ ಪ್ರಧಾನಿ ಬದಲಾದರೆ ಅಷ್ಟೇನೂ ತಟ್ಟುವುದಿಲ್ಲ. ಡಾಕ್ ಮಾಸ್ಟರ್ ಬದಲಾದರೆ ತಟ್ಟುತ್ತದೆ. ನೆವಿಲ್ ಕ್ಲೂಲೋ ಆ ಪದವಿಯಲ್ಲಿ ಎಂದಿನಿಂದ ಕೂತಿದ್ದ ಎನ್ನುವುದು ನಮ್ಮ ದೋಣಿ ಕ್ಲಬ್ಬಿನಲ್ಲಿ ಯಾರಿಗೂ ನೆನಪಿರಲಿಲ್ಲ. ಯಾರು ಕೂರಿಸಿದರು ಎನ್ನುವುದೂ ನೆನಪಿರಲಿಲ್ಲ. ಅವನೇ ಕೂತನೆಂದು ನನ್ನ ಗುಮಾನಿ.

ಡಾಕ್ ಎಂದರೆ ಕಾಲುವೆಯ ಪಕ್ಕಕ್ಕೆ ತೋಡಿ, ಸುತ್ತ ಇಟ್ಟಿಗೆ ಕಟ್ಟಿದ ಉದ್ದನೆಯ ಗುಂಡಿ. ಬಾಯಿಗೊಂದು ಗೇಟು. ದೋಣಿಯನ್ನು ಒಳಗೆ ತೇಲಿಸಿ, ಗೇಟು ಮುಚ್ಚಿ, ತಳದ ತೂಬು ಎತ್ತಿದರೆ ನೀರೆಲ್ಲ ಕೆಳಗಿನ ಹಳ್ಳಕ್ಕೆ ಓಡುತ್ತದೆ, ದೋಣಿ ಮರದ ದಿಮ್ಮಿಗಳ ಮೇಲೆ ಕೂರುತ್ತದೆ. ಆಗ ಅದರ ಹೊಟ್ಟೆ ಕೆರೆದು, ತೊಳೆದು, ಒಣಗಿಸಿ, ಕಪ್ಪು ಡಾಂಬರು ಬಣ್ಣ ಬಳಿಯಬೇಕು. ಎರಡು ಮೂರು ವರ್ಷಕ್ಕೊಮ್ಮೆ ಈ ಸೇವೆ ಆಗದಿದ್ದರೆ ಉಕ್ಕಿನ ದೋಣಿ ತುಕ್ಕು ತಿಂದು ಹೋಗುತ್ತದೆ. ನಮ್ಮ ಡಾಕ್ ಕಲ್ಲಿದ್ದಲು ಹೊರುವ ಭಾರಿ ದೋಣಿಗಳ ಕಾಲದ್ದು, ನಮ್ಮ ವಾಸದ ದೋಣಿಗಳಿಗೆ ತೀರ ಆಳ. ನೀರಿಳಿದ ಮೇಲೆ ದೋಣಿ ಆಳುದ್ದ ಕೆಳಗೆ ಹೋಗಿರುತ್ತದೆ. ಕಿಟಕಿ ತೆರೆದರೆ ಪಾಚಿ ಹಿಡಿದ ಗೋಡೆ, ತಲೆ ಎತ್ತಿದರೆ ಪಟ್ಟಿಯಷ್ಟು ಆಕಾಶ. ಹತ್ತಲು ಇಳಿಯಲು ಗೋಡೆಗೆ ಹೂತ ಕಬ್ಬಿಣದ ಏಣಿಯೊಂದೇ.

ಈ ಗುಂಡಿಗೆ ನೆವಿಲ್ ಅಧಿಪತಿ. ನಿವೃತ್ತನಾಗುವ ಮೊದಲು ಅವನು ಸ್ಟೋಕ್ ಕಡೆಯ ಒಂದು ಸಾರ್ವಜನಿಕ ಈಜುಕೊಳದ ಮೇಲ್ವಿಚಾರಕನಾಗಿದ್ದ. ಆ ಬಾಳಿನಿಂದ ಎರಡು ವಸ್ತುಗಳನ್ನು ಜೊತೆಗೆ ತಂದಿದ್ದ. ಒಂದು, ಕೊರಳಲ್ಲಿ ಸದಾ ತೂಗುವ ಸೀಟಿ. ಕಾಲುವೆಯಲ್ಲಿ ಯಾರಾದರೂ ನಡಿಗೆಗಿಂತ ಚೂರು ವೇಗವಾಗಿ ದೋಣಿ ಓಡಿಸಿದರೆ ಅದು ಕೂಗುತ್ತಿತ್ತು. ಬಾತುಕೋಳಿಗಳಿಗೂ ಕೂಗುತ್ತಿತ್ತು, ಆದರೆ ಅವು ನಮ್ಮಷ್ಟು ವಿಧೇಯವಲ್ಲ. ಇನ್ನೊಂದು, ಏನನ್ನೂ ಮೂಸಲಾರದ ಮೂಗು. ಅಷ್ಟು ವರ್ಷ ಕ್ಲೋರಿನ್ ಕುಡಿದು ಅದು ಕೆಲಸಕ್ಕೆ ರಾಜೀನಾಮೆ ಕೊಟ್ಟಿತ್ತು. ಹಾಲು ಹುಳಿಯಾದರೂ ಅವನಿಗೆ ಹೆಂಡತಿ ಗ್ಲೆನಿಸ್ ಹೇಳಬೇಕು.

ನೆವಿಲ್‌ನ ಬಳಿ ಒಂದು ಪಂಪಿತ್ತು, ಪೆಟ್ರೋಲಿನದು, ಹೆಸರು ಡಚೆಸ್. ಅದರ ಒಂದು ಕೊಳವೆಯನ್ನು ಕಾಲುವೆಗೆ ಬಿಟ್ಟರೆ ಇನ್ನೊಂದರಿಂದ ಹೊಡೆಯುವ ನೀರಿಗೆ ಇಟ್ಟಿಗೆಯ ಸಿಪ್ಪೆಯೂ ಏಳುತ್ತಿತ್ತು. ನಮ್ಮ ಎಲ್ಲರ ದೋಣಿಗಳ ಹೊಟ್ಟೆ ತೊಳೆದದ್ದು ಅದೇ. ಅದಕ್ಕೊಂದು ಕಟ್ಟಳೆಯೂ ಇತ್ತು. ಡಾಕಿನಿಂದ ಹೊರಗೆ ಹೋಗುವವರು ಒಳಗೆ ಬರುವ ದೋಣಿಗೆ ಮೊದಲ ನೀರು ಹೊಡೆಯಬೇಕು. ಉಳಿದವರು ದಡದ ಮೇಲೆ ಚಹಾ ಹಿಡಿದು ನಿಂತು ನೋಡಬೇಕು. ಹೊಡೆಯುವವರು ಯಾರೇ ಇರಲಿ, ಪಂಪು ಚಾಲೂ ಮಾಡುವ ಕೈ ನೆವಿಲ್‌ನದೇ. ಮಾಡುವ ಮೊದಲು ಸೀಟಿ, ಸೀಟಿಯ ಮೊದಲು ಭಾಷಣ.

"ಕಬ್ಬಿಣ ಯಾವ ನೀರಲ್ಲಿ ಬಾಳುತ್ತೋ ಅದೇ ನೀರಲ್ಲಿ ತೊಳೀಬೇಕು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ಕ್ಲೋರಿನ್ ಅಂದ್ರೇನು ಅಂತ ನನಗೆ ಹೇಳಿಕೊಡೋಕೆ ಬರಬೇಡಿ" ಎನ್ನುತ್ತಿದ್ದ. ಯಾರೂ ಹೋಗುತ್ತಿರಲಿಲ್ಲ. ನಲ್ಲಿ ಇದ್ದದ್ದು ಅಂಗಳದ ಆ ತುದಿಯಲ್ಲಿ, ಯಾರ ಪೈಪೂ ಡಾಕಿನವರೆಗೆ ಎಟುಕುತ್ತಿರಲಿಲ್ಲ. ಒಂದು ಸಿದ್ಧಾಂತ ನಮ್ಮ ಸೋಮಾರಿತನಕ್ಕೆ ಇಷ್ಟು ಸರಿಯಾಗಿ ಹೊಂದುವಾಗ ಅದನ್ನು ಪರೀಕ್ಷಿಸುವುದು ಸಭ್ಯತೆಯಲ್ಲ.

ಮಿಕ್ಕವರು ಎರಡು ಮೂರು ವರ್ಷಕ್ಕೊಮ್ಮೆ ಡಾಕಿಗೆ ಹೋದರೆ ನೆವಿಲ್ ಪ್ರತಿ ವಸಂತಕ್ಕೂ ಹೋಗುತ್ತಿದ್ದ. ಅವನ ದೋಣಿಯ ಹೆಸರು 'ಲೇಡಿ ಗ್ಲೆನಿಸ್'. ಇಡೀ ಕಾಲುವೆಯಲ್ಲಿ ಇಷ್ಟು ಕಪ್ಪಾದ, ಇಷ್ಟು ಹೊಳೆಯುವ ಹೊಟ್ಟೆ ಇನ್ನೊಂದಿಲ್ಲವೆಂದು ಅವನು ಹೇಳುತ್ತಿದ್ದ. ಹೊಟ್ಟೆ ನೀರೊಳಗೇ ಇರುವುದರಿಂದ ನಾವು ನಂಬಿದ್ದೆವು.

ಈ ವರ್ಷ ದೋಣಿಗೆ ವಯಸ್ಸಾಯಿತೆಂದು ವಿಮೆ ಕಂಪನಿಯವರು ತಪಾಸಣೆ ಕೇಳಿದರು. ನೆವಿಲ್‌ಗೆ ಇದು ಅವಮಾನವೆನಿಸಲಿಲ್ಲ, ಸನ್ಮಾನವೆನಿಸಿತು. "ಬರಲಿ ಕಣಯ್ಯ, ನೋಡಿ ಕಲೀಲಿ" ಎಂದು ನನಗೆ ಹೇಳಿದ. ಸಂಜೆ ನಾಲ್ಕಕ್ಕೆ ಎಲ್ಲರನ್ನೂ ಡಾಕಿನ ದಡಕ್ಕೆ ಚಹಾಕ್ಕೆ ಕರೆದ, ಫಲಿತಾಂಶ ಕೇಳಲು.

ನಾವು ನಾಲ್ಕಕ್ಕೆ ಹೋದಾಗ ತಪಾಸಣೆಯ ಮಿಸ್ ಪ್ರೊದೆರೋ ಆಗಲೇ ಕಾರು ಹತ್ತಿ ಹೊರಟಿದ್ದಳು. ನೆವಿಲ್ ಗುಂಡಿಯ ತಳದಲ್ಲಿ ದೋಣಿಯ ಹಿಂಭಾಗಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಚಹಾದ ಕೆಟಲ್ಲು ಕಾಣಲಿಲ್ಲ. ಅವನ ಬೆನ್ನ ಹಿಂದೆ, ತೇಲುವಾಗಿನ ನೀರಿನ ಮಟ್ಟಕ್ಕಿಂತ ಗೇಣು ಕೆಳಗೆ, ಹೆಬ್ಬೆರಳು ಹೋಗುವಷ್ಟು ತೂತಿತ್ತು.

ಗುಂಡಿಯ ಕೆಳಗೆ ನಡೆದದ್ದನ್ನು ಗ್ಲೆನಿಸ್ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ಹೇಳಬಾರದ ಕಾರಣವೆಲ್ಲ ಮುಗಿದ ಮೇಲೆ. ಅವಳು ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮಿಸ್ ಪ್ರೊದೆರೋ ಮಾತು ಕಡಿಮೆ, ಸುತ್ತಿಗೆ ಜಾಸ್ತಿ. ದೋಣಿಯ ಮೈಗೆ ಟಕ್ ಟಕ್ ಎಂದು ಬಡಿಯುತ್ತಾ ಬಂದವಳು ಒಂದು ಕಡೆ ನಿಂತು ಚೂರಿಯಿಂದ ಡಾಂಬರು ಎಬ್ಬಿಸಿದಳು. ಕೆಳಗೆ ಕಿತ್ತಳೆ ಬಣ್ಣದ ಬೊಕ್ಕೆ. ಅದನ್ನು ಒಡೆದಾಗ ಒಳಗಿನಿಂದ ಕಾಡಿಗೆಯಂಥ ಕೆಸರು ಜಾರಿತು.

"ವಾಸನೆ ಬರ್ತಾ ಇದೆಯಲ್ಲ?" ಎಂದಳು.

"ಯಾವ ವಾಸನೆ?" ಎಂದ ನೆವಿಲ್.

"ಕೊಳೆತ ಮೊಟ್ಟೆ ಕಣೋ" ಎಂದಳು ಗ್ಲೆನಿಸ್ ಕಿಟಕಿಯಿಂದ. "ಪ್ರತಿ ವರ್ಷ ನೀನು ಕೆರೆಯೋವಾಗ ಬರುತ್ತೆ. ನಾನು ಗುಂಡಿ ವಾಸನೆ ಅಂದ್ಕೊಂಡಿದ್ದೆ."

ಕೆಸರು ಒರೆಸಿದಾಗ ಅಡಿಯಲ್ಲಿ ಬೆಳ್ಳಿಯ ಬಟ್ಟಲಿನಂತೆ ಹೊಳೆಯುವ ಕುಳಿ. ತುಕ್ಕಲ್ಲ, ಯಾರೋ ಚಮಚದಲ್ಲಿ ತೋಡಿ ತಿಂದಂತೆ ನಯವಾದ ಕುಳಿ. ನೆವಿಲ್ ಹೆಮ್ಮೆಯಿಂದ, "ನೋಡಿ, ಉಕ್ಕು ಎಷ್ಟು ಹೊಳೀತಿದೆ!" ಎಂದನಂತೆ. ಮಿಸ್ ಪ್ರೊದೆರೋ ಮುಂದಿನ ಬೊಕ್ಕೆ ಒಡೆದಳು. ಅದರ ಮುಂದಿನದನ್ನು ಒಡೆದಳು. ಕೊನೆಯದಕ್ಕೆ ಸುತ್ತಿಗೆ ತಾಗಿಸಿದಾಗ ಸುತ್ತಿಗೆಯ ಮೂತಿ ಒಳಗೆ ಹೋಯಿತು. ಗ್ಲೆನಿಸ್‌ಳ ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿದ್ದ ಉಣ್ಣೆಯ ಉಂಡೆಯನ್ನು ಮುಟ್ಟಿತು.

"ತೊಳೆಯೋದು ಯಾವ ನೀರಲ್ಲಿ?"

"ಕಾಲುವೆ ನೀರಲ್ಲಿ. ಯಾಕೆ?"

"ಕಾಲುವೆ ನೀರಲ್ಲಿ ಕಣ್ಣಿಗೆ ಕಾಣದ ಜೀವಿಗಳಿರ್ತವೆ. ಅದರಲ್ಲಿ ಒಂದು ಜಾತಿಗೆ ಗಾಳಿ ಇಲ್ಲದ ಜಾಗ ಅಂದ್ರೆ ಪ್ರಾಣ. ಅವು ಬಿಡೋ ರಸ ಉಕ್ಕನ್ನ ಕರಗಿಸುತ್ತೆ. ನೀವು ಅದೇ ನೀರಲ್ಲಿ ತೊಳ್ದು, ಅವನ್ನ ಮೈ ತುಂಬ ಹಚ್ಚಿ, ಮೇಲೆ ಗಾಳಿಯಾಡದ ಹಾಗೆ ಡಾಂಬರು ಬಳ್ದು, ಬಾಗಿಲು ಹಾಕಿದ್ದೀರಿ. ಎಷ್ಟು ವರ್ಷದಿಂದ?"

ನೆವಿಲ್ ವರ್ಷ ಹೇಳಲಿಲ್ಲ. "ಪ್ರತಿ ವಸಂತಕ್ಕೂ" ಎಂದ.

"ಪ್ರತಿ ವಸಂತಕ್ಕೂ?" ಅವಳು ಮೊದಲ ಸಲ ಅವನ ಮುಖ ನೋಡಿದಳು. "ಕಮ್ಮಿ ತೊಳ್ದಿದ್ದರೆ ಕಮ್ಮಿ ಹಾಳಾಗ್ತಿತ್ತು. ನಲ್ಲಿ ನೀರಲ್ಲಿ ತೊಳ್ದು, ಬ್ಲೀಚ್ ಹಾಕಿ ನೆನೆಸಿ, ಮತ್ತೆ ನಲ್ಲಿ ನೀರಲ್ಲಿ ತೊಳ್ದು ಆಮೇಲೆ ಬಳೀಬೇಕು. ಇಲ್ಲಿ ಮಿಕ್ಕವರೂ ಹೀಗೇ ಮಾಡ್ತಾರಾ?"

"ಅವರವರ ವಿಚಾರ ನಂಗೇನು ಗೊತ್ತು" ಎಂದ ನೆವಿಲ್. ಗ್ಲೆನಿಸ್ ಕಿಟಕಿ ಮುಚ್ಚಿದಳು. ಅಷ್ಟು ಜೋರಾಗಿ ಮುಚ್ಚಬೇಕಾಗಿರಲಿಲ್ಲ ಎಂದು ಅವಳೇ ನನಗೆ ಹೇಳಿದಳು.

ದಡದ ಮೇಲೆ ನಿಂತ ನಮಗೆ ಸಂಜೆ ನಾಲ್ಕಕ್ಕೆ ಸಿಕ್ಕ ಫಲಿತಾಂಶ ಬೇರೆ. ನೆವಿಲ್ ಗುಂಡಿಯಿಂದಲೇ ಗಂಟಲು ಸರಿಮಾಡಿಕೊಂಡು, "ಕಳ್ಳ ಕರೆಂಟು" ಎಂದ.

ದಡದಿಂದ ದೋಣಿಗಳಿಗೆ ಎಳೆದ ವಿದ್ಯುತ್ ತಂತಿಗಳಿಂದ ಕರೆಂಟು ನೀರಿಗೆ ಸೋರಿ, ಪಕ್ಕದ ದೋಣಿಯ ಉಕ್ಕನ್ನು ಕಚ್ಚುತ್ತದೆ ಎಂದು ವಿವರಿಸಿದ. ಅಂಥದ್ದೊಂದು ಇರುವುದು ನಿಜ. ಅದು ನಿಜವಾದದ್ದೇ ನಮ್ಮ ದುರದೃಷ್ಟ. ಅವನ ಪಕ್ಕದ ದೋಣಿ ನನ್ನದು. ನನ್ನಲ್ಲಿ ಹೊಸ ಫ್ರಿಜ್ಜಿತ್ತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅಂದಿನಿಂದ ನಾನು ತಂತಿ ಕಿತ್ತಿಟ್ಟು, ಬೆಣ್ಣೆಯನ್ನು ಚಮಚದಲ್ಲಿ ಕುಡಿಯತೊಡಗಿದೆ. ಒಂದು ಇಡೀ ದೋಣಿಗೆ ತೂತು ಹಾಕಿದ ಫ್ರಿಜ್ಜಿನ ಒಡೆಯನೆಂಬ ಅಪಕೀರ್ತಿ ಹೊತ್ತು ಕ್ಲಬ್ಬಿನ ಕಟ್ಟೆಯ ಮೇಲೆ ಓಡಾಡುವುದು ಸುಲಭವಲ್ಲ.

ಈಗ ಸಂಕಟ ಏನೆಂದರೆ, ತೂತಿರುವ ದೋಣಿಯನ್ನು ತೇಲಿಸುವಂತಿಲ್ಲ. ತೇಲಿಸದೆ ಹೊರಗೆ ತರುವಂತಿಲ್ಲ. ಹೊರಗೆ ತರದೆ ಇನ್ನೊಂದು ದೋಣಿ ಒಳಗೆ ಬರುವಂತಿಲ್ಲ. ಉಕ್ಕಿನ ತಗಡು ಬೆಸೆಯುವ ವೆಲ್ಡರ್, ಮುಂದಿನ ವಾರದ ಮೊದಲು ಬಿಡುವಿಲ್ಲ ಎಂದುಬಿಟ್ಟ. ದೋಣಿ ದಡದ ಸಮಕ್ಕೆ ಇದ್ದಾಗ ಗ್ಲೆನಿಸ್ ಆರಾಮವಾಗಿ ಕಾಲಿಡುತ್ತಿದ್ದಳು. ಏಣಿ ಹತ್ತಲು ಅವಳ ಮಂಡಿ ಒಪ್ಪುತ್ತಿರಲಿಲ್ಲ. ಬಣ್ಣ ಬಳಿದು ಮುಗಿಸಿ ಎರಡು ಮೂರು ದಿನದಲ್ಲಿ ಏಳುತ್ತೇವೆಂದು ನಂಬಿ ಒಳಗೇ ಉಳಿದವಳು ಈಗ ಆ ಗುಂಡಿಯೊಳಗೆ ಕೈದಿ.

ನಾನು ದಿನಾ ಬೆಳಿಗ್ಗೆ ಬಕೆಟ್ಟಿಗೆ ಹಗ್ಗ ಕಟ್ಟಿ ಅವಳಿಗೆ ಚೀಸ್ ಹಾಕಿದ ಓಟ್ ರೊಟ್ಟಿ ಇಳಿಸುತ್ತಿದ್ದೆ. ದೋಣಿಯ ಸಿಂಕಿನ ನೀರು ಗುಂಡಿಗೇ ಬೀಳುವುದರಿಂದ ಪಾತ್ರೆ ತೊಳೆಯುವಂತಿಲ್ಲ. ಶೌಚದ ಡಬ್ಬವನ್ನು ನೆವಿಲ್ ಬೆನ್ನಿಗೆ ಕಟ್ಟಿಕೊಂಡು ಏಣಿ ಹತ್ತುತ್ತಿದ್ದ. ಆಗ ಮಾತ್ರ ಅವನ ಮೂಗಿನ ಭಾಗ್ಯಕ್ಕೆ ಎಲ್ಲರಿಗೂ ಹೊಟ್ಟೆಕಿಚ್ಚು.

"ಹೇಗಿದ್ದೀಯಾ ಗ್ಲೆನಿಸ್?" ಎಂದು ನಾನು ಕೂಗಿದರೆ,

"ಬಾವಿಯಲ್ಲಿರೋ ಕಪ್ಪೆ ಹೇಗಿರುತ್ತೋ ಹಾಗೆ. ಅದಕ್ಕಾದ್ರೂ ನೀರಿರುತ್ತೆ" ಎನ್ನುತ್ತಿದ್ದಳು. "ನನ್ನ ಹೆಸರು ಬರ್ದಿರೋ ದೋಣಿಗೇ ತೂತು. ಇಡೀ ಕಾಲುವೆ ಅಂತಿರಬೇಕು, ಲೇಡಿ ಗ್ಲೆನಿಸ್ ಅಡಿ ಕಿತ್ತೋಯ್ತು ಅಂತ."

"ಯಾರೂ ಹಾಗಂತಿಲ್ಲ."

"ಸುಳ್ಳು ಹೇಳಬೇಡ. ನಾನಾಗಿದ್ರೆ ನಾನೇ ಅಂತಿದ್ದೆ."

ಗೇಟಿನ ಆಚೆ, ಕಾಲುವೆಯಲ್ಲಿ ಕಾಯುತ್ತಿದ್ದದ್ದು ರೋವೀನ ಟೆಬಟ್. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ, ಒಂಟಿ ಹೆಂಗಸು. 'ಮೂರ್‌ಹೆನ್' ಎಂಬ ಅವಳ ಹಳೆಯ ದೋಣಿಯೇ ಅವಳ ಮನೆ. ಬೇರೆ ಗೋಡೆ ಸೂರು ಅವಳಿಗೆ ಎಲ್ಲಿಯೂ ಇಲ್ಲ. ಡಾಕಿಗೆಂದೇ ವರ್ಷದ ರಜೆಯನ್ನೆಲ್ಲ ಒಟ್ಟು ಮಾಡಿ ಇಟ್ಟುಕೊಂಡಿದ್ದಳು. ಆ ರಜೆ ಈಗ ಗೇಟಿನ ಮುಂದೆ ಕೂತು ಕರಗುತ್ತಿತ್ತು. ಮುಂದಿನ ತಿಂಗಳು ಅವಳ ದೋಣಿಗೂ ತಪಾಸಣೆ. ಅವಳ ನಂತರದ ಸರದಿ ನನ್ನದು.

"ನೆವಿಲ್, ಬೇಕಾದ್ರೆ ನಾನೇ ಒಳಗೆ ಬಂದು ಆ ತೂತಿಗೆ ಬೆರಳಿಟ್ಟುಕೊಂಡು ಕೂರ್ತೀನಿ, ನೀರು ಬಿಡ್ತೀಯಾ?" ಎಂದು ಅವಳು ದಡದಿಂದ ಬಗ್ಗಿ ಕೇಳುವಳು.

"ತಾಳ್ಮೆ ಇರಲಿ ರೋವೀನ. ಆತುರದ ಕೆಲಸ ಅಲ್ಲ ಇದು."

"ನಿನಗಿಲ್ಲ. ನನಗೆ ರಜೆ ಮುಗಿದ ಸೋಮವಾರ ಸಾವಿರ ಆಲೂಗಡ್ಡೆ ಕಾಯ್ತಿದೆ. ಬಂದ ತಕ್ಷಣ ನಿನ್ನ ಡಚೆಸ್ ಕೈಲಿ ಚೆನ್ನಾಗಿ ಉಜ್ಜಿಸಿಬಿಡು, ಹೋದ ಸಲಕ್ಕಿಂತ ಗಟ್ಟಿಯಾಗಿ. ತಪಾಸಣೆ ಇದೆ."

ನೆವಿಲ್ ದೋಣಿಯ ಇನ್ನೊಂದು ಬದಿಗೆ ಹೋದ. ಅವನ ಬಾಯಿಂದ ಭಾಷಣ ಹೊರಡಿಸದ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಸೊಂಟ ಹಿಡಿದಿರಬೇಕು ಎಂದುಕೊಂಡೆ.

ಆ ಸಂಜೆ ಗಂಡ ಹೆಂಡಿರ ಮಾತು ಹೀಗಾಯಿತಂತೆ. ಹೊರಗೆ ಬೆಳಕಿದ್ದರೂ ಗುಂಡಿಯೊಳಗೆ ದೀಪ ಹಚ್ಚಬೇಕಿತ್ತು. ಗೇಟಿನ ಸಂದಿಯಿಂದ ಕಾಲುವೆ ತೊಟ್ಟು ತೊಟ್ಟಾಗಿ ಒಳಗೆ ಸೋರುತ್ತಿತ್ತು.

"ರೋವೀನಳಿಗೆ ಹೇಳಿದ್ಯಾ?" ಎಂದಳು ಗ್ಲೆನಿಸ್.

"ಏನು ಹೇಳೋದು?"

"ಏನು ಹೇಳೋದು ಅಂತ ನಿನಗೂ ಗೊತ್ತು, ನನಗೂ ಗೊತ್ತು, ಸುತ್ತಿಗೆ ಹಿಡ್ಕೊಂಡು ಬಂದಿದ್ದವಳಿಗೂ ಗೊತ್ತು."

"ಅವಳು ಒಬ್ಬಳು ಹೇಳಿದ ಮಾತ್ರಕ್ಕೆ... ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಈ ಕಟ್ಟೆಯಲ್ಲಿ ನನ್ನ ಮಾತಿಗೆ ಒಂದು ತೂಕ ಇದೆ ಗ್ಲೆನಿಸ್. ನಾಳೆ ನಾನು ಹೋಗಿ, ಅಯ್ಯಾ, ಇಷ್ಟು ವರ್ಷ ನಿಮ್ಮೆಲ್ಲರ ದೋಣಿಗೆ ನಾನೇ ರೋಗ ಹಚ್ಚಿದ್ದು ಅಂದ್ರೆ? ಆಮೇಲೆ ನಾನು ಯಾರು?"

"ಈಗ ಯಾರು? ಏಣಿ ಮೇಲೆ ಡಬ್ಬ ಹೊರೋನು."

ಗ್ಲೆನಿಸ್ ಹೆಣಿಗೆ ಕೆಳಗಿಟ್ಟಳು.

"ಈಜುಕೊಳದಲ್ಲಿ ಮಕ್ಕಳನ್ನ ನೀರಿಗಿಳಿಸೋ ಮುಂಚೆ ಏನು ಮಾಡಿಸ್ತಿದ್ದೆ?"

"ಕಾಲು ತೊಳೆಸ್ತಿದ್ದೆ."

"ಯಾವುದರಲ್ಲಿ?"

ನೆವಿಲ್ ದೀಪದ ಕಡೆ ತಿರುಗಿದ. "ಕ್ಲೋರಿನ್ ತೊಟ್ಟೀಲಿ" ಎಂದ.

"ಮೇಯರ್ ಬಂದಾಗ?"

"ಮೇಯರ್‌ಗೂ ಬೂಟು ಬಿಚ್ಚಿಸಿದ್ದೆ. ಕಾಲು ಅದ್ದದೆ ಒಳಗೆ ಬಿಡಲ್ಲ ಅಂದಿದ್ದೆ." ಆ ನೆನಪಿಗೆ ಅವನ ಎದೆ ಒಂದಿಷ್ಟು ಉಬ್ಬಿತು. ಉಬ್ಬಿದ್ದು ಹಾಗೇ ಇಳಿಯಿತು.

"ಆ ನೆವಿಲ್‌ನ ನಾನು ಮದುವೆ ಆಗಿದ್ದು" ಎಂದಳು ಗ್ಲೆನಿಸ್. "ಕಾಲುವೆಗೆ ಬಂದ ಮೇಲೆ ಈ ನೆವಿಲ್ ಕ್ಲೋರಿನ್ ಹೆಸರೆತ್ತಿದರೆ ಮೂಗು ಮುರೀತಾನೆ. ಮೂಗು ಕೆಲಸ ಮಾಡದಿದ್ರೂ."

ವೆಲ್ಡರ್ ಕೊನೆಗೂ ಬಂದ. ತೂತಿನ ಸುತ್ತ ಒಂದು ದೊಡ್ಡ ತಗಡು ಬೆಸೆದು, ಉಳಿದ ಮೈಯನ್ನು ಒಮ್ಮೆ ನೋಡಿ, ತಲೆಯಾಡಿಸಿ ಹೋದ. ನೆವಿಲ್ ಆ ತಗಡಿಗೆ ಮಾತ್ರ ಬಣ್ಣ ಬಳಿದ. ಮರುದಿನ ಬೆಳಿಗ್ಗೆ ಗುಂಡಿಗೆ ನೀರು ಬಿಟ್ಟರು. ದೋಣಿ ನಿಧಾನವಾಗಿ ದಿಮ್ಮಿಗಳಿಂದ ಎದ್ದು, ಪಾಚಿಯ ಗೋಡೆ ಕೆಳಕೆಳಗೆ ಜಾರಿ, ಕಿಟಕಿಯಲ್ಲಿ ಮೊದಲು ಹುಲ್ಲು, ಆಮೇಲೆ ನಮ್ಮ ಬೂಟುಗಳು, ಆಮೇಲೆ ನಮ್ಮ ಮುಖಗಳು ಕಾಣಿಸಿದಾಗ ಗ್ಲೆನಿಸ್ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. "ಹೊಗೆ" ಎಂದಳು. ಒಲೆ ಹಚ್ಚಿರಲಿಲ್ಲ.

ಲೇಡಿ ಗ್ಲೆನಿಸ್ ಹೊರಗೆ ಬಂತು, ಮೂರ್‌ಹೆನ್ ಒಳಗೆ ಹೋಯಿತು. ಗೇಟು ಮುಚ್ಚಿ, ತೂಬೆತ್ತಿ, ನೀರಿಳಿಯಿತು. ಕಟ್ಟಳೆಯಂತೆ ನಾವೆಲ್ಲ ಚಹಾ ಹಿಡಿದು ದಡದ ಮೇಲೆ ಸಾಲಾಗಿ ನಿಂತೆವು. ಗ್ಲೆನಿಸ್ ತನ್ನ ದೋಣಿಯಿಂದ ಕಾಲು ಇಳಿಸಿ, ಅಷ್ಟು ದಿನಗಳ ಮೇಲೆ ನೆಲ ತುಳಿದು, ಒಂದು ಕುರ್ಚಿ ತರಿಸಿಕೊಂಡು ಗುಂಡಿಯ ಅಂಚಿಗೇ ಕೂತಳು. ಹೊರಹೋಗುವವನಾಗಿ ಮೊದಲ ನೀರು ಹೊಡೆಯಬೇಕಾದವನು ನೆವಿಲ್. ಡಚೆಸ್‌ಳ ಒಂದು ಕೊಳವೆ ಕಾಲುವೆಯಲ್ಲಿ ಬಿದ್ದಿತ್ತು. ಇನ್ನೊಂದರ ಮೂತಿ ಕೆಳಗೆ ಅವನ ಕೈಯಲ್ಲಿ. ಪಂಪಿನ ಹಗ್ಗ ಎಳೆಯಲು ಅಂದು ನನ್ನನ್ನು ಮೇಲೆ ನಿಲ್ಲಿಸಿದ್ದ. ಫ್ರಿಜ್ಜಿನ ಪಾಪಕ್ಕೆ ಪ್ರಾಯಶ್ಚಿತ್ತವೆಂದು ನಾನು ಒಪ್ಪಿಕೊಂಡಿದ್ದೆ.

"ಭಾಷಣ ಬೇಡಪ್ಪ ಈ ಸಲ" ಎಂದಳು ರೋವೀನ. ಅವಳೂ ಕೆಳಗೆ ಕೆರೆಯುವ ಪಟ್ಟಿ ಹಿಡಿದು ನಿಂತಿದ್ದಳು. "ಶುರು ಮಾಡು."

ನೆವಿಲ್ ಸೀಟಿ ಬಾಯಿಗಿಟ್ಟ. ಊದಲಿಲ್ಲ. ಮೇಲೆ ನೋಡಿದ. ಅಲ್ಲಿ ನಾವೆಲ್ಲ ಇದ್ದೆವು, ಕುರ್ಚಿಯಲ್ಲಿ ಗ್ಲೆನಿಸ್ ಇದ್ದಳು. ನಾಲ್ಕು ಕಡೆ ಇಟ್ಟಿಗೆ ಗೋಡೆ, ಹಿಂದೆ ಸೋರುವ ಗೇಟು, ಮುಂದೆ ರೋವೀನಳ ದೋಣಿಯ ಹೊಟ್ಟೆ. ಏಣಿ ಅವನಿಂದ ಎರಡೇ ಹೆಜ್ಜೆಯಲ್ಲಿತ್ತು, ಆದರೆ ಅದರ ತುದಿಯಲ್ಲೂ ನಾವೇ ನಿಂತಿದ್ದೆವು.

"ಹಗ್ಗ ಎಳೀಲಾ?" ಎಂದು ನಾನು ಕೂಗಿದೆ.

"ಬೇಡ."

"ಏನಾಯ್ತು, ಪೆಟ್ರೋಲ್ ಇಲ್ವಾ?"

"ಆ ಕೊಳವೇನ ಕಾಲುವೆಯಿಂದ ಎತ್ತಿಬಿಡು" ಎಂದ. ಅವನ ದನಿ ಯಾವತ್ತಿನದ್ದಲ್ಲ. ಹತ್ತಿರ ನಿಂತವರಿಗೆ ಹೇಳುವಂಥ ಸಣ್ಣ ದನಿ. ಗುಂಡಿಯ ಗೋಡೆಗಳು ಮಾತ್ರ ಅದನ್ನು ಎತ್ತಿ ಎಲ್ಲರಿಗೂ ಹಂಚಿದವು. "ಈ ನೀರೇ ಕಾರಣ. ತೂತಿಗೆ. ಕರೆಂಟಲ್ಲ."

ನಾನು ಹಗ್ಗ ಬಿಟ್ಟು ಕೊಳವೆ ಎತ್ತಿದೆ.

"ನೀರಲ್ಲಿರೋ ಜೀವಿಗಳು. ನಾನು ಅದೇ ನೀರಲ್ಲಿ ತೊಳ್ದು ಮೇಲೆ ಬಣ್ಣ ಬಳ್ದೆ. ಒಳಗೆ ಸಿಕ್ಕಿಹಾಕ್ಕೊಂಡು ಉಕ್ಕು ತಿಂದ್ವು. ನಾನು ಪ್ರತಿ ವರ್ಷ ತೊಳ್ದೆ, ಅದಕ್ಕೇ ನನ್ನದು ಮೊದಲು ಹೋಯ್ತು. ಆದ್ರೆ ನಿಮ್ಮೆಲ್ಲರದನ್ನೂ ತೊಳ್ಸಿದ್ದು ನಾನೇ."

ರೋವೀನ ಕೈಯಲ್ಲಿದ್ದ ಪಟ್ಟಿಯಿಂದ ತನ್ನ ದೋಣಿಯ ಮೈಯಲ್ಲಿ ಕಂಡ ಒಂದು ಸಣ್ಣ ಉಬ್ಬನ್ನು ಒತ್ತಿದಳು. ಡಾಂಬರು ಸೀಳಿ ಕಿತ್ತಳೆ ಪುಡಿ ಉದುರಿತು, ಹಿಂದೆಯೇ ಕರಿ ಕೆಸರು. ವಾಸನೆ ಮೇಲೆ ನಿಂತ ನಮ್ಮ ಚಹಾದವರೆಗೂ ಬಂತು. ಅವಳು ತೋಳಿನಿಂದ ಒರೆಸಿದಳು. ಅಡಿಯಲ್ಲಿ ಪುಟ್ಟದೊಂದು ಬೆಳ್ಳಿಯ ಕುಳಿ.

"ಯಾವತ್ತು ಗೊತ್ತಾಯ್ತು ನಿನಗೆ?" ಎಂದಳು.

"ತಪಾಸಣೆ ದಿನ."

"ಅಷ್ಟು ದಿನದಿಂದ ನಾನು ಗೇಟಿನ ಮುಂದೆ ಕೂತಿದ್ದೀನಿ. ದಿನಾ ನಿನ್ನ ಜೊತೆ ಮಾತಾಡಿದ್ದೀನಿ."

"ಹೂಂ."

"ಚೆನ್ನಾಗಿ ಉಜ್ಜಿಸು ಅಂತ ಬೇರೆ ಹೇಳಿದ್ದೆ ನಿನಗೆ. ನೀನು ಸುಮ್ಮನೆ ಕೇಳಿಸ್ಕೊಂಡೆ."

"ಕೇಳಿಸ್ಕೊಂಡೆ."

ಬೈಯುತ್ತಾಳೆಂದು ನಾವು ಕಾದೆವು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಪಟ್ಟಿ ಎತ್ತಿ ಮುಂದಿನ ಬೊಕ್ಕೆ ಹುಡುಕತೊಡಗಿದಳು. "ನಲ್ಲಿ ನೀರು ತರಿಸು" ಎಂದಳು, ಅವನ ಕಡೆ ನೋಡದೆ. "ಇನ್ನೂ ಏನೇನು ಬೇಕೋ ತರಿಸು. ಸೋಮವಾರ ನನಗೆ ಕೆಲಸ ಇದೆ."

ನಲ್ಲಿ ಅಂಗಳದ ಆ ತುದಿಯಲ್ಲಿ. ಆಗ ನಾನು ನಮ್ಮ ಕ್ಲಬ್ಬಿನಲ್ಲಿ ಎಂದೂ ಕಾಣದ್ದನ್ನು ಕಂಡೆ. ಪ್ರತಿಯೊಬ್ಬನೂ ತನ್ನ ದೋಣಿಗೆ ಓಡಿ ತನ್ನ ತನ್ನ ಪೈಪು ತಂದ. ಹಸಿರು, ಹಳದಿ, ನೀಲಿ, ಒಂದು ಮೂರು ಕಡೆ ಟೇಪು ಸುತ್ತಿದ್ದು. ಹೊಟ್ಟೆಗೆ ಬಂದ ಕುತ್ತು ನಮ್ಮನ್ನು ಎಷ್ಟು ಸಹಕಾರಿಗಳನ್ನಾಗಿ ಮಾಡುತ್ತದೆ ಎನ್ನುವುದಕ್ಕೆ ಅದು ಸಾಕ್ಷಿ. ಒಂದಕ್ಕೊಂದು ಜೋಡಿಸಿದ ಆ ಹಾವು ಹತ್ತು ಕಡೆ ಸೋರುತ್ತಾ ಅಂಗಳ ದಾಟಿ ಬಂತು. ಪಂಪಿಗೆ ಸಿಕ್ಕಿಸಿದೆವು. ನಾನು ಹಗ್ಗ ಎಳೆದೆ. ಡಚೆಸ್ ಮೊದಲ ಸಲ ಶುದ್ಧ ನೀರು ಕುಡಿದು ಸ್ವಲ್ಪ ಕೆಮ್ಮಿತು, ಆಮೇಲೆ ಓಡಿತು.

ಬ್ಲೀಚಿನ ಹೊತ್ತಿಗೆ ನೆವಿಲ್‌ಗೆ ಜೀವ ಬಂತು. ಎಷ್ಟು ನೀರಿಗೆ ಎಷ್ಟು, ಯಾವಾಗ ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು, ಕಣ್ಣಿಗೆ ಏನು ಕಟ್ಟಬೇಕು. ಅದೆಲ್ಲ ಅವನ ಹಳೆಯ ಬಾಳು. ಅವನು ಹೇಳುತ್ತಾ ಹೋದ, ನಾವು ಮಾಡುತ್ತಾ ಹೋದೆವು. ಆದರೆ ಹಿಂದಿನಂತೆ ಅಲ್ಲ. ಅವನು ಹೇಳಿದ್ದನ್ನು ಪ್ರತಿಯೊಬ್ಬನೂ ಡಬ್ಬದ ಮೇಲೆ ಅಚ್ಚಾದ ಸೂಚನೆಯ ಜೊತೆ ತಾಳೆ ನೋಡಿಯೇ ಮಾಡುತ್ತಿದ್ದ. ಅದು ಅವನಿಗೂ ಕಾಣುತ್ತಿತ್ತು. ಎದುರಿಗೇ ನಿಂತು ನೋಡುತ್ತಿದ್ದ.

ರೋವೀನಳ ಕುಳಿಗಳು ಆಳವಿರಲಿಲ್ಲ. ಮುಂದಿನ ತಿಂಗಳ ತಪಾಸಣೆಯನ್ನು ದೋಣಿ ಗುಂಡಿಯಲ್ಲಿರುವಾಗಲೇ ಮುಗಿಸಲು ಮಿಸ್ ಪ್ರೊದೆರೋ ಬಂದು ಬಡಿದು ನೋಡಿ, ಉಕ್ಕು ಸಾಕಷ್ಟು ಉಳಿದಿದೆ, ಆ ಜೀವಿಗಳನ್ನು ಸಮಯಕ್ಕೆ ಕೊಂದಿರಿ ಎಂದಳಂತೆ. ಲೇಡಿ ಗ್ಲೆನಿಸ್‌ಗೆ ಆ ಭಾಗ್ಯವಿರಲಿಲ್ಲ. ಅದರ ಮೈಯೆಲ್ಲ ಅದೇ ಕುಳಿ. ಕಟ್ಟಿದ ಜಾಗ ಬಿಟ್ಟು ಅಲುಗದಿದ್ದರೆ ಮಾತ್ರ ಒಂದು ವರ್ಷ ವಿಮೆ ಎಂದು ಕಂಪನಿಯವರು ಹೇಳಿದರು. ಮಾರಲಾಗದು, ಓಡಿಸಲಾಗದು. ವೇಲ್ಸಿನ ಕಡೆ ಕಣಿವೆಯ ಮೇಲೆ ಹಾದುಹೋಗುವ ನೀರಿನ ಸೇತುವೆಗೆ ಕರೆದೊಯ್ಯುತ್ತೇನೆಂದು ನೆವಿಲ್ ಹೆಂಡತಿಗೆ ಮಾತು ಕೊಟ್ಟು ಎಷ್ಟೋ ವಸಂತಗಳಾಗಿದ್ದವು. ಪ್ರತಿ ಸಲವೂ ಡಾಕಿನ ಕೆಲಸ ಅಡ್ಡ ಬಂದಿತ್ತು.

"ಮಂಡಿಯೂ ಬರಲ್ಲ, ದೋಣಿಯೂ ಬರಲ್ಲ" ಎಂದಳು ಗ್ಲೆನಿಸ್ ನನಗೆ. "ಇನ್ನು ಇವನೂ ಎಲ್ಲಿಗೂ ಹೋಗಲ್ಲ. ದಿನಾ ಕಿಟಕಿಯಲ್ಲಿ ಅದೇ ಮರ ನೋಡ್ತಾ ಕೂರ್ತೀವಿ. ಇಟ್ಟಿಗೆ ಗೋಡೆಗಿಂತ ವಾಸಿ ಬಿಡು."

ಕ್ಲಬ್ಬಿನಲ್ಲಿ ಯಾರೂ ನೆವಿಲ್‌ನನ್ನು ಇಳಿಸಲಿಲ್ಲ. ಕೂರಿಸದವರು ಇಳಿಸುವುದು ಹೇಗೆ? ಜನ ಅವನನ್ನು ಕೇಳುವುದನ್ನು ಬಿಟ್ಟು ರೋವೀನಳನ್ನು ಕೇಳತೊಡಗಿದರು, ಅಷ್ಟೆ. ನನ್ನ ಫ್ರಿಜ್ಜಿನ ಬಗ್ಗೆ ಯಾರೂ ಕ್ಷಮೆ ಕೇಳಲಿಲ್ಲ. ನೆವಿಲ್ ಒಂದು ಸಂಜೆ ಬಂದು ನನ್ನ ತಂತಿಯನ್ನು ತಾನೇ ಮತ್ತೆ ಸಿಕ್ಕಿಸಿ ಹೋದ.

ನನ್ನ ಸರದಿಯ ದಿನ ರೋವೀನ ಮೂರ್‌ಹೆನ್ ಹೊರಗೆ ತೆಗೆದು, ಕಟ್ಟಳೆಯಂತೆ ನನ್ನ ದೋಣಿಗೆ ಮೊದಲ ನೀರು ಹೊಡೆಯಲು ಗುಂಡಿಗಿಳಿದಳು. ನಲ್ಲಿಯಿಂದ ಪೈಪುಗಳ ಹಾವು ಬಂದಿತ್ತು. ನಾನೂ ಏಣಿಗೆ ಕೈ ಹಾಕಿದೆ. ಆಗ ಹಿಂದಿನಿಂದ ಸೀಟಿ ಕೂಗಿತು, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ.

ಏಣಿಯ ತಲೆಯ ಬಳಿ ನೆವಿಲ್ ನಿಂತಿದ್ದ. ಅವನ ಮುಂದೆ ಒಂದು ಅಗಲವಾದ ಪ್ಲಾಸ್ಟಿಕ್ ತೊಟ್ಟಿ, ಅದರಲ್ಲಿ ಬ್ಲೀಚ್ ಬೆರೆ​ಸಿದ ನೀರು.

"ಬೂಟು" ಎಂದ.

"ನೆವಿಲ್, ಬೂಟಿಗೂ ಉಕ್ಕಿಗೂ ಏನು ಸಂಬಂಧ ಮಾರಾಯ?"

"ಕಾಲುವೆ ಅಂಚಲ್ಲಿ ನಡ್ಕೊಂಡು ಬಂದಿದ್ದೀಯ. ಬೂಟು ಅದ್ದದೆ ಒಳಗೆ ಬಿಡಲ್ಲ."

ಕೆಳಗಿನಿಂದ ರೋವೀನ ತಲೆ ಎತ್ತಿ ನೋಡಿದಳು. ಅವಳ ಬೂಟಿನ ತುದಿಗಳು ಆಗಲೇ ಬೆಳ್ಳಗಾಗಿದ್ದವು. "ಅದ್ದಿಬಿಡು ಮಾರಾಯ" ಎಂದಳು, "ನನ್ನನ್ನೂ ಬಿಡಲಿಲ್ಲ."

ನಾನು ಒಂದು ಕಾಲು ಅದ್ದಿದೆ, ಆಮೇಲೆ ಇನ್ನೊಂದು.